ಎದುರಾಳಿ ಸಿಗದ ಹೆವಿವೇಟ್

ಭಾರತದ ಬಾಕ್ಸಿಂಗ್ ಬಗ್ಗೆ ಮಾತು ಬಂದರೆ ಹಳಬರು ಮೊದಲು ಎತ್ತುವ ಹೆಸರು ಹವಾ ಸಿಂಗ್. 1961ರಿಂದ 1972ರವರೆಗಿನ ಅವಧಿಯಲ್ಲಿ ಸತತ 11 ಬಾರಿ ರಾಷ್ಟ್ರೀಯ ಹೆವಿವೇಟ್ ಚಾಂಪಿಯನ್. ಹನ್ನೊಂದು ಎನ್ನುವಾಗ ಅವರ ಹುಬ್ಬು ಮೇಲೇರುತ್ತದೆ. ನಮ್ಮದೂ ಏರಲಿ ಎಂದು ಒಂದು ಕ್ಷಣ ಕಾಯುತ್ತಾರೆ. ನನ್ನ ಹುಬ್ಬು ಅಷ್ಟು ಸಲೀಸಾಗಿ ಏರುವುದಿಲ್ಲ. ಹವಾ ಸಿಂಗ್ ದೊಡ್ಡವರಲ್ಲ ಎಂದು ನಾನು ಹೇಳುತ್ತಿಲ್ಲ. ಅವರ ದೊಡ್ಡತನಕ್ಕೆ ನಾವು ಕರೆತರುತ್ತಿರುವ ಸಾಕ್ಷಿ ಸರಿಯಿಲ್ಲ, ಅಷ್ಟೇ.

ಆಗ 81 ಕಿಲೋ ದಾಟಿದವರೆಲ್ಲ ಹೆವಿವೇಟ್. 85 ಕಿಲೋದವನಿಗೂ 110 ಕಿಲೋದವನಿಗೂ ಒಂದೇ ಕಣ. ಸೂಪರ್ ಹೆವಿವೇಟ್ ವಿಭಾಗ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. ರೇಷನ್ ಅಂಗಡಿ ಮುಂದೆ ಅಮೆರಿಕದ ಗೋಧಿಗೆ ಸಾಲು ನಿಂತಿದ್ದ ಅರವತ್ತರ ದಶಕದ ಭಾರತದಲ್ಲಿ, 81 ಕಿಲೋ ಮೀರಿಯೂ ಹೊಟ್ಟೆ ಬೆಳೆಸದೆ, ಮೂರು ನಿಮಿಷದ ಮೂರು ಸುತ್ತು ಕಾಲ ಮೇಲೆ ಹಗುರಾಗಿ ನಿಲ್ಲಬಲ್ಲ ಗಂಡಸರು ಎಷ್ಟು ಮಂದಿ ಇದ್ದಾರು? ಇದ್ದವರಲ್ಲೂ ಬಹುಪಾಲು ಸೇನೆಯ ಮೆಸ್ಸಿನಲ್ಲೋ ರೈಲ್ವೆಯ ಸಂಬಳದಲ್ಲೋ ಉಂಡು ಬೆಳೆದವರು. ಏಷ್ಯಾದ ಬಾಕ್ಸಿಂಗ್ ಎಂದರೂ ಆಗ ಸಣ್ಣ ತೂಕದವರ ಆಟ. ಕೊರಿಯಾ, ಜಪಾನ್, ಥಾಯ್ಲೆಂಡ್, ಫಿಲಿಪ್ಪೀನ್ಸ್ ಎಲ್ಲರ ಬಲವೂ ಕೆಳಗಿನ ತೂಕಗಳಲ್ಲಿತ್ತು. ದೊಡ್ಡ ಮೈಯವರನ್ನು ಬೆಳೆಸುತ್ತಿದ್ದ ಉಜ್ಬೆಕಿಸ್ತಾನ, ಕಜಕಸ್ತಾನಗಳು ಸೋವಿಯತ್ ಒಕ್ಕೂಟದ ಒಳಗಿದ್ದವು. ಅವು ಏಷ್ಯನ್ ಕ್ರೀಡಾಕೂಟಕ್ಕೆ ಕಾಲಿಟ್ಟದ್ದು 1994ರ ಹಿರೋಷಿಮಾದಲ್ಲಿ. ಅಲ್ಲಿಂದಾಚೆಗೆ ಆ ತೂಕದಲ್ಲಿ ನಮ್ಮವರ ಪಾಡು ಏನಾಯಿತೆಂಬುದು ಬಲ್ಲವರಿಗೆ ಗೊತ್ತು.

ಹಾಗಾದರೆ ಹನ್ನೊಂದಕ್ಕೆ ಬೆಲೆಯೇ ಇಲ್ಲವೇ? ಇದೆ, ಬೇರೆ ಕಾರಣಕ್ಕೆ. ಸಣ್ಣ ತೂಕದಲ್ಲಿ ಒಂದು ಗುದ್ದು ತಪ್ಪಿದರೆ ಅಂಕ ಹೋಗುತ್ತದೆ. ಹೆವಿವೇಟ್‌ನಲ್ಲಿ ಮನುಷ್ಯನೇ ಮಲಗುತ್ತಾನೆ. ಅಂದಿನ ಹವ್ಯಾಸಿ ಬಾಕ್ಸರ್‌ಗಳಿಗೆ ತಲೆಗವಸೂ ಇರಲಿಲ್ಲ. ಎದುರಿಗೆ ನಿಂತವನು ಎಷ್ಟೇ ಒರಟನಿರಲಿ, ಅವನು ಕಣ್ಣುಮುಚ್ಚಿ ಬೀಸಿದ ಒಂದು ಬಲಗೈ ಗದ್ದಕ್ಕೆ ತಗುಲಿದ್ದರೆ ಸರಪಳಿ ಅಲ್ಲಿಗೇ ಕಡಿದುಹೋಗುತ್ತಿತ್ತು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಹಾಗಾಗಲಿಲ್ಲ. ತನಗಿಂತ ಕಡಿಮೆಯವನ ಮುಂದೆ ಮೈಮರೆಯದಿರುವುದು ಕಣದ ಅತ್ಯಂತ ಕಷ್ಟದ ವಿದ್ಯೆ. ಸಮಬಲನ ಎದುರು ಎಚ್ಚರ ತಾನಾಗಿ ಬರುತ್ತದೆ, ಸಪ್ಪೆ ಎದುರಾಳಿಯ ಎದುರು ಅದನ್ನು ಪ್ರತಿಸಲ ಹೊಸದಾಗಿ ತಂದುಕೊಳ್ಳಬೇಕು.

ಹವಾ ಸಿಂಗ್ ಹುಟ್ಟಿದ್ದು 1937ರ ಡಿಸೆಂಬರ್ 16ರಂದು, ಇಂದಿನ ಹರಿಯಾಣದ ಭಿವಾನಿ ಸೀಮೆಯ ಉಮರ್‌ವಾಸ್ ಎಂಬ ಹಳ್ಳಿಯಲ್ಲಿ. 1956ರಲ್ಲಿ ಸೇನೆ ಸೇರಿದರು. ಬಾಕ್ಸಿಂಗ್ ಅವರಿಗೆ ದಕ್ಕಿದ್ದು ಅಲ್ಲೇ. 1960ರಲ್ಲಿ ಅಂದಿನ ಚಾಂಪಿಯನ್ ಮೊಹಬ್ಬತ್ ಸಿಂಗ್ ಅವರನ್ನು ಸೋಲಿಸಿ ಪಶ್ಚಿಮ ಕಮಾಂಡ್‌ನ ಪ್ರಶಸ್ತಿ ಗೆದ್ದ ಮೇಲೆ ಹಿಂದಿರುಗಿ ನೋಡಲಿಲ್ಲ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟಕ್ಕೆ ಹೋಗಬೇಕಿತ್ತು, ಚೀನಾ ಗಡಿ ಅಡ್ಡಬಂತು. ಕೂಟ ಮುಗಿದದ್ದು ಸೆಪ್ಟೆಂಬರ್ 4ಕ್ಕೆ, ಯುದ್ಧ ಸಿಡಿದದ್ದು ಅಕ್ಟೋಬರ್ 20ಕ್ಕೆ. ಆದರೆ ಸೈನಿಕನ ಪಾಲಿಗೆ ಯುದ್ಧ ಕ್ಯಾಲೆಂಡರಿಗಿಂತ ಮೊದಲೇ ಶುರುವಾಗಿರುತ್ತದೆ. ಅದೇ ಜಕಾರ್ತಾದಲ್ಲಿ ಪದಮ್ ಬಹಾದುರ್ ಮಲ್ಲ ಏಷ್ಯನ್ ಕೂಟದಲ್ಲಿ ಭಾರತಕ್ಕೆ ಬಾಕ್ಸಿಂಗ್‌ನ ಮೊದಲ ಚಿನ್ನ ತಂದರು.

ನಾಲ್ಕು ವರ್ಷ ಕಾದು, 1966ರಲ್ಲಿ ಬ್ಯಾಂಕಾಕ್‌ನಲ್ಲಿ ಪಾಕಿಸ್ತಾನದ ಅಬ್ದುಲ್ ರೆಹಮಾನ್ ಅವರನ್ನು ಮಣಿಸಿ ಚಿನ್ನ. ಆ ವರ್ಷವೇ ಅರ್ಜುನ ಪ್ರಶಸ್ತಿ. 1970ರ ಕೂಟ ಸೋಲ್‌ನಲ್ಲಿ ನಡೆಯಬೇಕಿತ್ತು. ದಕ್ಷಿಣ ಕೊರಿಯಾ ಕೈಚೆಲ್ಲಿದ್ದರಿಂದ ಮತ್ತೆ ಬ್ಯಾಂಕಾಕ್. ಈ ಸಲ ಇರಾನ್‌ನ ಒಮ್ರಾನ್ ಖತಾಮಿ ಎದುರು ಗೆಲುವು, ಮತ್ತೆ ಚಿನ್ನ. ಆಗ ಅವರಿಗೆ 33 ತುಂಬುತ್ತಿತ್ತು. ಏಷ್ಯನ್ ಕೂಟದಲ್ಲಿ ಬೆನ್ನುಬೆನ್ನಿಗೆ ಎರಡು ಚಿನ್ನ ಗೆದ್ದ ಇನ್ನೊಬ್ಬ ಭಾರತೀಯ ಬಾಕ್ಸರ್ ಇಲ್ಲ. ವಿಜೇಂದರ್ ಇಲ್ಲ, ವಿಕಾಸ್ ಕ್ರಿಶನ್ ಇಲ್ಲ, ಮೇರಿ ಕೋಮ್ ಕೂಡ ಇಲ್ಲ. ಹಳಬರು ಹನ್ನೊಂದು ಬಿಟ್ಟು ಈ ಎರಡನ್ನು ಹಿಡಿದಿದ್ದರೆ ನನ್ನ ತಕರಾರೇ ಇರುತ್ತಿರಲಿಲ್ಲ.

ಒಲಿಂಪಿಕ್ಸ್‌ಗೆ ಮಾತ್ರ ಅವರು ಹೋಗಲೇ ಇಲ್ಲ. ನನ್ನನ್ನು ಇಂದಿಗೂ ಕಾಡುವುದು ಇದು. 1964ರಲ್ಲಿ ಜೋ ಫ್ರೇಜಿಯರ್, 1968ರಲ್ಲಿ ಜಾರ್ಜ್ ಫೋರ್‌ಮನ್ ಒಲಿಂಪಿಕ್ ಹೆವಿವೇಟ್ ಚಿನ್ನ ಗೆದ್ದ ಕಾಲವದು. ಅವರೆದುರು ಹವಾ ಸಿಂಗ್ ಗೆಲ್ಲುತ್ತಿದ್ದರೆಂದು ನಾನು ಹೇಳಲಾರೆ. ಆದರೆ ತನ್ನ ಕೈ ಎಷ್ಟು ಗಟ್ಟಿ ಎಂದು ತಿಳಿಯಲು ತನಗಿಂತ ಗಟ್ಟಿ ಕೈಯ ಏಟು ಒಮ್ಮೆಯಾದರೂ ಬೀಳಬೇಕು. ಅವರ ಉತ್ತಮ ದಿನಗಳು ಆ ಪರೀಕ್ಷೆಯಿಲ್ಲದೆ ಕಳೆದುಹೋದವು.

ಈಗ ಅವರ ಎರಡನೇ ಬದುಕಿಗೆ ಬರೋಣ. ನನ್ನ ಲೆಕ್ಕದಲ್ಲಿ ದೊಡ್ಡದು ಅದೇ.

ಬಾಕ್ಸಿಂಗ್‌ನಲ್ಲಿ ದೊಡ್ಡ ಆಟಗಾರರು ಒಳ್ಳೆಯ ಗುರುಗಳಾಗುವುದು ಅಪರೂಪ. ಮೊಹಮ್ಮದ್ ಅಲಿಯ ಮೂಲೆಯಲ್ಲಿ ನಿಂತಿದ್ದ ಆ್ಯಂಜೆಲೋ ಡಂಡಿ ಬಾಕ್ಸರ್ ಆಗಿ ಹೆಸರು ಮಾಡಿದವರಲ್ಲ. ಮೈಗೆ ತಾನಾಗಿ ಬಂದ ವಿದ್ಯೆಯನ್ನು ಬಾಯಲ್ಲಿ ಹೇಳುವುದು ಕಷ್ಟ. ನಾನು ಮಾಡಿದೆನಲ್ಲ, ನೀನ್ಯಾಕೆ ಮಾಡಲಾರೆ ಎಂಬ ಸಿಡುಕು ಬೇಗ ಬರುತ್ತದೆ. ಹೆವಿವೇಟ್ ಗುರುವಿಗೆ ಇನ್ನೊಂದು ತೊಡಕು. ಅವನ ಬಳಿ ಬರುವ ಹುಡುಗರು 48 ಕಿಲೋ, 51 ಕಿಲೋದವರು, ಕಡ್ಡಿಗಳು. ಒಂದೇ ಭಾರಿ ಗುದ್ದಿಗೆ ಹೊಂಚುಹಾಕುವ ತನ್ನ ಲೆಕ್ಕಾಚಾರ ಅವರಿಗೆ ಒಗ್ಗದು. ಅವರದು ಒಂದರ ಹಿಂದೆ ಒಂದು, ಐದಾರು ಗುದ್ದು ಸುರಿಸಿ ಜಾರಿಕೊಳ್ಳುವ ಆಟ. ಹೆವಿವೇಟ್‌ನಿಂದ ಕೆಳಗಿನ ತೂಕಕ್ಕೆ ಹಾಗೆಯೇ ದಾಟಿಸಬಹುದಾದ್ದು ಕೆಲವೇ: ನಿಲುವು, ಎಡಗೈಯ ಜ್ಯಾಬ್, ಬೆಳಗಿನ ಓಟ, ಉಸಿರು. ಮಿಕ್ಕದ್ದನ್ನು ಗುರು ಮೊದಲಿಂದ ಯೋಚಿಸಬೇಕು.

ಹವಾ ಸಿಂಗ್ ಇದನ್ನು ದಾಟಿದ್ದಕ್ಕೆ ನನ್ನದೊಂದು ಊಹೆಯಿದೆ. ತನ್ನ ತೂಕದ ಜೊತೆಗಾರ ಸಿಗದ ಹೆವಿವೇಟ್, ಅಭ್ಯಾಸದ ಸ್ಪ್ಯಾರಿಂಗ್‌ನಲ್ಲಿ ತನಗಿಂತ ಹಗುರಾದವರೊಡನೆಯೇ ಆಡಬೇಕಾಗುತ್ತದೆ. ಆಗ ಬಲ ಬಳಸುವಂತಿಲ್ಲ. ಬಳಸಿದರೆ ನಾಳೆ ಆ ಜೊತೆಗಾರನೂ ಇಲ್ಲ. ಅವರ ವೇಗಕ್ಕೆ ತಾನು ಇಳಿಯಬೇಕು, ಅವರ ಕಾಲು ನೋಡಬೇಕು. ವರ್ಷಗಟ್ಟಲೆ ಹಾಗೆ ಕೈ ತಡೆದು ಆಡಿದವನಿಗೆ ಗೊತ್ತಿಲ್ಲದೆಯೇ ಕೋಚ್ ಕೆಲಸದ ಅರ್ಧ ಪಾಠ ಆಗಿರುತ್ತದೆ.

ಸೇನೆ ಬಿಟ್ಟ ಮೇಲೆ ಅವರು ಭಿವಾನಿಯಲ್ಲಿ ನೆಲೆಸಿ, ಅಲ್ಲಿ ಬಾಕ್ಸಿಂಗ್ ತರಬೇತಿಗೆ ಬೇರು ಇಳಿಸಿದರು. ಭಾರತೀಯ ಕ್ರೀಡಾ ಪ್ರಾಧಿಕಾರದ ಅಲ್ಲಿನ ಕೇಂದ್ರ ಬೆಳೆದದ್ದು ಅವರ ಕಾಲದಲ್ಲಿ. ಅರ್ಜುನ ಪ್ರಶಸ್ತಿ ಪಡೆದ ರಾಜ್‌ಕುಮಾರ್ ಸಾಂಗ್ವಾನ್ ಹವಾ ಸಿಂಗ್ ಅವರ ಗರಡಿಯವರು. ಭಿವಾನಿಯೇ ಯಾಕೆ ಎಂದು ಕೇಳುವವರಿಗೆ ಹಾಲು, ತುಪ್ಪ, ಜಾಟರ ಮೈಕಟ್ಟು ಎಂಬ ಸಿದ್ಧ ಉತ್ತರ ಸಿಗುತ್ತದೆ. ನಾನು ಒಪ್ಪುವುದಿಲ್ಲ. ಹಾಲು ಕರ್ನಾಲ್‌ನಲ್ಲೂ ಇದೆ, ಲೂಧಿಯಾನಾದಲ್ಲೂ ಇದೆ. ಭಿವಾನಿಯಲ್ಲಿ ಇದ್ದದ್ದು ಒಂದೇ ಸೂರಿನಡಿ ಹಲವು ತೂಕದ ಹಲವು ಹುಡುಗರು. 54 ಕಿಲೋದವನಿಗೆ ಪಕ್ಕದಲ್ಲೇ 51ರವನು, 57ರವನು, ನಿನ್ನೆ ತನ್ನನ್ನು ಸೋಲಿಸಿದ ಇನ್ನೊಬ್ಬ 54ರವನು. ಬೌಟ್‌ಗೆ ರೈಲು ಹತ್ತಬೇಕಿಲ್ಲ, ಸಂಜೆಯಾದರೆ ಸಾಕು. ಹವಾ ಸಿಂಗ್ ತಮಗೆ ಸಿಗದಿದ್ದ ಎದುರಾಳಿಯನ್ನು ಊರಿಗೆಲ್ಲ ಒದಗಿಸಿದರು.

1999ರ ದ್ರೋಣಾಚಾರ್ಯ ಪ್ರಶಸ್ತಿಗೆ ಅವರ ಹೆಸರು ಬಂತು. ಪ್ರದಾನಕ್ಕೆ ಹದಿನೈದು ದಿನ ಇರುವಾಗ, 2000ದ ಆಗಸ್ಟ್ 14ರಂದು ಭಿವಾನಿಯಲ್ಲಿ ಹಠಾತ್ತನೆ ತೀರಿಕೊಂಡರು. ಪ್ರಶಸ್ತಿಯನ್ನು ಅವರ ಪತ್ನಿ ಅಂಗೂರಿ ದೇವಿ ಸ್ವೀಕರಿಸಿದರು. ನಮ್ಮ ಪ್ರಶಸ್ತಿಗಳ ಸಾವಕಾಶದ ಬಗ್ಗೆ ಪ್ರತ್ಯೇಕ ಅಂಕಣವನ್ನೇ ಬರೆಯಬೇಕು.

ಎಂಟು ವರ್ಷದ ನಂತರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದ ಐವರು ಭಾರತೀಯ ಬಾಕ್ಸರ್‌ಗಳಲ್ಲಿ ನಾಲ್ವರು ಭಿವಾನಿಯಲ್ಲಿ ಪಳಗಿದವರು: ಜಿತೇಂದರ್, ಅಖಿಲ್, ವಿಜೇಂದರ್, ದಿನೇಶ್. ವಿಜೇಂದರ್‌ಗೆ ಕಂಚು, ಒಲಿಂಪಿಕ್ ಬಾಕ್ಸಿಂಗ್‌ನಲ್ಲಿ ಭಾರತಕ್ಕೆ ಮೊದಲ ಪದಕ. ಆ ಬೆಳೆಯ ಯಶಸ್ಸು ಕೋಚ್ ಜಗದೀಶ್ ಸಿಂಗ್ ಅವರದು, ಅದನ್ನು ಹವಾ ಸಿಂಗ್ ಖಾತೆಗೆ ಹಾಕುವುದು ಅನ್ಯಾಯ. ಆದರೆ ಬಾಕ್ಸಿಂಗ್ ಎಂದರೆ ಹೊಟ್ಟೆಪಾಡಿಗೂ ದಾರಿ, ಸೇನೆ, ರೈಲ್ವೆ, ಪೊಲೀಸ್ ನೌಕರಿಗೆ ಮೆಟ್ಟಿಲು ಎಂದು ಆ ಊರಿನ ತಂದೆತಾಯಂದಿರು ನಂಬಿದ್ದು, ಕಣ್ಣೆದುರು ಓಡಾಡುತ್ತಿದ್ದ ಕ್ಯಾಪ್ಟನ್ ಹವಾ ಸಿಂಗ್ ಅವರನ್ನು ನೋಡಿಯೇ ಇರಬೇಕು.

ಈಗ ಹರಿಯಾಣದ ಹುಡುಗರು ದಕ್ಷಿಣಕ್ಕೂ ಬರುತ್ತಾರೆ. ಕರ್ನಾಲ್‌ನ ಬಾಕ್ಸರ್ ನಿಶಾಂತ್ ದೇವ್ ಅಭ್ಯಾಸ ಮಾಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ, ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. ಸೌಕರ್ಯಕ್ಕೆ ಅಲ್ಲಿ ಕೊರತೆಯಿಲ್ಲ. ಸುತ್ತಲಿನ ಹಳ್ಳಿಯ ಮಕ್ಕಳು ಸಂಜೆ ಗ್ಲೌಸ್ ತೊಡುವಂತಾದರೆ ಅದೂ ಒಂದು ಭಿವಾನಿಯಾದೀತು.

ಹವಾ ಸಿಂಗ್ ಅವರ ಮಗ ಸಂಜಯ್ ಕೂಡ ಕೋಚ್, ಮೊಮ್ಮಗಳು ನೂಪುರ್ ಶೆವೊರಾನ್ ಬಾಕ್ಸರ್. 2025ರ ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಿವಾನಿಯವರೇ ಆದ ಜಾಸ್ಮಿನ್ ಲಂಬೋರಿಯಾ 57 ಕಿಲೋದಲ್ಲಿ ಚಿನ್ನ ಗೆದ್ದರೆ, ನೂಪುರ್ 80 ಕಿಲೋಗೂ ಮೇಲಿನ ವಿಭಾಗದಲ್ಲಿ ಬೆಳ್ಳಿ ಪಡೆದರು. ಫೈನಲ್‌ನಲ್ಲಿ ಪೋಲೆಂಡಿನ ಅಗಾತಾ ಕಾಚ್ಮಾರ್ಸ್ಕಾ ಎದುರು ಸೋತದ್ದು 2-3ರಲ್ಲಿ, ಕೂದಲೆಳೆಯಲ್ಲಿ. ತಾತನ ತೂಕದಂತೆ ಮೊಮ್ಮಗಳ ತೂಕದಲ್ಲೂ ಜನ ಕಡಿಮೆ. ಜೊತೆಗೆ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ತೂಕ 75 ಕಿಲೋಗೆ ನಿಂತುಬಿಡುತ್ತದೆ. ನೂಪುರ್ ವಿಭಾಗ ಅಲ್ಲಿಲ್ಲ. ಅಲ್ಲಿಗೆ ಹೋಗಬೇಕೆಂದರೆ ಅಷ್ಟು ಎತ್ತರದ ಮೈಯಿಂದ ಕಿಲೋಗಟ್ಟಲೆ ಇಳಿಸಬೇಕು, ಇಳಿಸಿಯೂ ಗುದ್ದಿನ ತೂಕ ಉಳಿಸಿಕೊಳ್ಳಬೇಕು. ನನ್ನನ್ನು ಕೇಳಿದರೆ ಇಳಿಸಬಾರದು. ವಿಶ್ವ ಬಾಕ್ಸಿಂಗ್‌ನ ಯಜಮಾನರು ಆ ವಿಭಾಗವನ್ನು ಒಲಿಂಪಿಕ್ಸ್‌ಗೆ ತರಲಿ.