ಸೆಕೆಯ ಊರಲ್ಲಿ ಶಾಲು

ಏಪ್ರಿಲ್ ತಿಂಗಳ ಬೆಳಿಗ್ಗೆ ಎಂಟೂವರೆಗೆ ಬೋರಿವಲಿಯಲ್ಲಿ ಎ.ಸಿ. ಲೋಕಲ್ ಹತ್ತಿದರೆ ಮಹಿಳಾ ಡಬ್ಬಿಯಲ್ಲಿ ನೋಡಬೇಕು. ಪ್ಲಾಟ್‌ಫಾರ್ಮಿನಲ್ಲಿ ಬೆವರು ಒರೆಸಿಕೊಂಡ ಕರವಸ್ತ್ರ ಇನ್ನೂ ಕೈಯಲ್ಲಿರುವಾಗಲೇ ಬ್ಯಾಗಿನಿಂದ ಶಾಲು ಹೊರಗೆ ಬರುತ್ತದೆ. 2017ರ ಡಿಸೆಂಬರ್ 25ರಂದು ಈ ಗಾಡಿ ಮೊದಲು ಓಡಿದಾಗ ಮುಂಬೈಗೆ ತಂಪು ಸಿಕ್ಕಿತೆಂದು ಎಲ್ಲರೂ ಕುಣಿದಾಡಿದ್ದೆವು. ಆ ತಂಪು ಎಲ್ಲರ ಮೈಗೂ ಒಂದೇ ಥರ ಹಿಡಿಸುವುದಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಅತ್ತಿಗೆಯಿಂದ.

ಅತ್ತಿಗೆಗೆ ಸದಾ ಚಳಿ. ಅಂಧೇರಿಯ ಆಫೀಸಿನಲ್ಲಿ ಅವರ ಕುರ್ಚಿಯ ಬೆನ್ನಿಗೆ ಒಂದು ಶಾಲು ಕಾಯಂ ಆಗಿ ನೇತಾಡುತ್ತಿರುತ್ತದೆ. ಮೇ ತಿಂಗಳ ಸೆಕೆಯಲ್ಲೂ ಬೆರಳು ಮುಟ್ಟಿದರೆ ಫ್ರಿಜ್ಜಿನಿಂದ ತೆಗೆದ ಬೆಂಡೆಕಾಯಿಯಂತೆ ತಣ್ಣಗೆ. ಮನೆಯಲ್ಲಿ ಇದಕ್ಕೆ ಬಹಳ ಹಿಂದೆಯೇ ತೀರ್ಪು ಸಿಕ್ಕಿದೆ: "ಅವಳದು ಶೀತದ ದೇಹ ಮಾರಾಯ್ತಿ." ಮನೆ ಹತ್ತಿರದ ಡಾಕ್ಟರೊಬ್ಬರು ಬೆರಳು ಚುಚ್ಚಿ ನೋಡಿ, ಹಿಮೋಗ್ಲೋಬಿನ್ 11 ಇದೆ, ಹೆಂಗಸರಿಗೆ ಇಷ್ಟಿದ್ದರೆ ಸಾಕು ಎಂದು ಕೆಂಪು ಮಾತ್ರೆ ಬರೆದುಕೊಟ್ಟರು. ಈ ಸಲ ವಿಮರ್ಶೆಗೆ ನಾನು ಎತ್ತಿಕೊಂಡಿರುವುದು ಆ ಕೆಂಪು ಮಾತ್ರೆಯನ್ನು, ಅದನ್ನು ಕೊಡುವ ನಮ್ಮ ಪದ್ಧತಿಯ ಸಮೇತ.

ಮೊದಲು ಆ "ಸಾಕು" ಎಂಬ ಮಾತು. ಗರ್ಭಿಣಿಯಲ್ಲದ ಹೆಂಗಸಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗೆರೆ ಒಂದು ಡೆಸಿಲೀಟರ್ ರಕ್ತಕ್ಕೆ 12 ಗ್ರಾಂ. ಅದಕ್ಕಿಂತ ಕೆಳಗಿದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಈ ಗೆರೆಯ ಕೆಳಗಿದ್ದಾರೆ. ಆ ಲೆಕ್ಕ ಬೆರಳಿನ ಹನಿರಕ್ತದಿಂದ ತೆಗೆದದ್ದು, ನರದಿಂದ ರಕ್ತ ತೆಗೆದು ನೋಡಿದ್ದರೆ ಬೇರೆ ಬರುತ್ತಿತ್ತು ಎಂಬ ತಕರಾರು ತಜ್ಞರಲ್ಲೇ ಇದೆ. ಇರಲಿ. ಅರ್ಧಕ್ಕರ್ಧ ಜನರಿಗೆ ಇರುವುದೇ ಸಹಜ ಎನಿಸಿಬಿಟ್ಟಾಗ 11 ಎಂಬುದು "ಸಾಕು" ಆಗುತ್ತದೆ. ಡಾಕ್ಟರರ ಮಾತಿನಲ್ಲಿ ಕೇಡೇನೂ ಇರಲಿಲ್ಲ, ಅಭ್ಯಾಸ ಇತ್ತು.

ಚಳಿಗೂ ಕಬ್ಬಿಣಕ್ಕೂ ಏನು ನಂಟು? ನಮ್ಮ ಮೈಯಲ್ಲಿರುವ ಕಬ್ಬಿಣ ಹೆಚ್ಚೆಂದರೆ ನಾಲ್ಕು ಗ್ರಾಂ, ಒಂದು ಸಣ್ಣ ಮೊಳೆಯಷ್ಟು. ಅದರಲ್ಲಿ ಮೂರನೇ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲಿ ಕುಳಿತು ಆಮ್ಲಜನಕ ಹೊರುವ ಕೂಲಿ ಮಾಡುತ್ತದೆ. ಮೈ ಬೆಚ್ಚಗಿರಬೇಕಾದರೆ ಸ್ನಾಯುಗಳು ಉರಿಯಬೇಕು, ಉರಿಯಲು ಆಮ್ಲಜನಕ ಬೇಕು. ಜೊತೆಗೆ ಉರಿಯ ಹದ ನೋಡುವ ಥೈರಾಯ್ಡ್ ಹಾರ್ಮೋನನ್ನು ಕಟ್ಟುವ ಕಿಣ್ವಕ್ಕೂ ಕಬ್ಬಿಣ ಬೇಕು. ಚಳಿ ತಾಗಿದ ಕೂಡಲೇ ದೇಹ ಮೊದಲು ಮಾಡುವ ಕೆಲಸ ಕೈಕಾಲಿನ ರಕ್ತನಾಳಗಳನ್ನು ಬಿಗಿದು ರಕ್ತವನ್ನು ಒಳಗಿನ ಅಂಗಗಳಿಗೆ ಉಳಿಸಿಕೊಳ್ಳುವುದು. ಬೆರಳು ತಣ್ಣಗಾಗುವುದು ಆ ಉಳಿತಾಯದಿಂದ.

ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಜಾನ್ ಬಿಯರ್ಡ್ ಮತ್ತು ಅವರ ಸಂಗಡಿಗರು 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಹೆಂಗಸರನ್ನು 28 ಡಿಗ್ರಿಯ ನೀರಿನಲ್ಲಿ ಕೂರಿಸಿ ಮೈಕಾವು ಅಳೆದರು. 28 ಎಂದರೆ ನಮಗೆ ಮುಂಬೈಯ ಮಳೆಗಾಲದ ಒಂದು ಸಾಧಾರಣ ಮಧ್ಯಾಹ್ನ. ಆದರೆ ನೀರು ಗಾಳಿಗಿಂತ ಬಹಳ ಬೇಗ ಮೈಬಿಸಿಯನ್ನು ಹೀರುತ್ತದೆ. ಕಬ್ಬಿಣದ ಕೊರತೆಯಿಂದ ರಕ್ತಹೀನರಾದವರ ಮೈಕಾವು ಉಳಿದವರಿಗಿಂತ ಹೆಚ್ಚು ಇಳಿಯಿತು, ಥೈರಾಯ್ಡ್ ಹಾರ್ಮೋನೂ ಕಡಿಮೆ ಇತ್ತು. ಕಬ್ಬಿಣ ಕೊಟ್ಟ ಮೇಲೆ ಸುಧಾರಿಸಿತು. ರಕ್ತಹೀನತೆಯ ತನಕ ಹೋಗದೆ ದಾಸ್ತಾನು ಮಾತ್ರ ಇಳಿದಿದ್ದವರಲ್ಲಿ ಇಷ್ಟು ಸ್ಪಷ್ಟವಾದ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಚಳಿ ಎಂದವರಿಗೆಲ್ಲ ಕಬ್ಬಿಣವೇ ಮದ್ದು ಎನ್ನಲಾರೆ. ಬೆರಳು ಬೆಳ್ಳಗೆ, ಆಮೇಲೆ ನೀಲಿ, ಕೊನೆಗೆ ಕೆಂಪಾಗುವ ಚಳಿ ಬೇರೆ. ಅದು 1862ರಲ್ಲಿ ಫ್ರಾನ್ಸಿನ ಮಾರಿಸ್ ರೇನೋ ವಿವರಿಸಿದ, ರಕ್ತನಾಳಗಳೇ ಅತಿಯಾಗಿ ಹೆದರುವ ತೊಂದರೆ. ಬೀಡಿ ಸಿಗರೇಟು ಎಳೆದೆಳೆದು ಕಾಲಿನ ನಾಳ ಕಟ್ಟಿಕೊಂಡವರ ಚಳಿ ಇನ್ನೊಂದು. ಶಾಲು ಮಾತ್ರ ಎಲ್ಲರಿಗೂ ಒಂದೇ.

ಈಗ ಮಾತ್ರೆಗೆ ಬರೋಣ. 1970ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಹೆಸರು ಬದಲಿಸುತ್ತ ಬಂದು 2018ರಲ್ಲಿ 'ಅನೀಮಿಯ ಮುಕ್ತ ಭಾರತ' ಆಯಿತು. ಮಕ್ಕಳಿಗೆ ಗುಲಾಬಿ, ಹದಿಹರೆಯದವರಿಗೆ ನೀಲಿ, ಹೆಂಗಸರಿಗೆ ಕೆಂಪು. ಕೆಂಪಿನ ಹೊಟ್ಟೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಅಗ್ಗ, ಕೆಡುವುದಿಲ್ಲ, ಹಳ್ಳಿಯ ಆಶಾ ಕಾರ್ಯಕರ್ತೆಯ ಚೀಲದಲ್ಲೂ ಹಿಡಿಯುತ್ತದೆ. ಇಷ್ಟು ದೊಡ್ಡ ದೇಶಕ್ಕೆ ಇದಕ್ಕಿಂತ ಸರಳವಾದದ್ದನ್ನು ಯಾರು ತಾನೇ ಕೊಟ್ಟಾರು? ಈ ಮೆಚ್ಚುಗೆಯಲ್ಲಿ ವ್ಯಂಗ್ಯವಿಲ್ಲ.

ಆ ಫೋಲಿಕ್ ಆಮ್ಲದ ಮೂಲ ಹುಡುಕಿಕೊಂಡು ಹೋದರೆ ನಾವು ಬಂದು ನಿಲ್ಲುವುದು ಪರೇಲಿನಲ್ಲೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಹಾಫ್ಕಿನ್ ಇನ್ಸ್ಟಿಟ್ಯೂಟಿಗೆ ಬಂದರು. ಬೊಂಬಾಯಿಯ ಬಟ್ಟೆಗಿರಣಿಗಳ ಬಡ ಗರ್ಭಿಣಿಯರು ವಿಚಿತ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಕಬ್ಬಿಣದ ಕೊರತೆಯಲ್ಲಿ ರಕ್ತಕಣ ಚಿಕ್ಕದಾಗುತ್ತದೆ, ಇವರಲ್ಲಿ ಊದಿ ದೊಡ್ಡದಾಗಿತ್ತು. ವಿಲ್ಸ್ ಸೂಕ್ಷ್ಮದರ್ಶಕದ ಮುಂದೆಯೇ ಕೂತುಬಿಡಲಿಲ್ಲ. ಆ ಹೆಂಗಸರು ಏನು ತಿನ್ನುತ್ತಾರೆ ಎಂದು ಕೇಳಿ, ಅದೇ ಬಡ ಊಟವನ್ನು ಇಲಿಗಳಿಗೆ, ಆಮೇಲೆ ಕೋತಿಗಳಿಗೆ ಹಾಕಿ ನೋಡಿದರು. ಬಿಯರ್ ಕಾರ್ಖಾನೆಯ ಹುದುಗಿನಿಂದ ಮಾಡುವ, ಕಪ್ಪು ಜೋನಿಬೆಲ್ಲದಂತಿರುವ ಮಾರ್ಮೈಟ್ ತಿನ್ನಿಸಿದಾಗ ಕೋತಿ ಚೇತರಿಸಿಕೊಂಡಿತು, ಹೆಂಗಸರೂ ಚೇತರಿಸಿಕೊಂಡರು. 1931ರಲ್ಲಿ ಇದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಗುಣಕೊಟ್ಟ ವಸ್ತುವಿಗೆ ಬಹಳ ಕಾಲ 'ವಿಲ್ಸ್ ಫ್ಯಾಕ್ಟರ್' ಎಂದೇ ಹೆಸರು. 1941ರಲ್ಲಿ ಅಮೆರಿಕದಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ತೆಗೆದವರು, ಎಲೆ ಎಂಬರ್ಥದ ಲ್ಯಾಟಿನ್ ಪದ ಹಿಡಿದು ಫೋಲಿಕ್ ಎಂದು ಕರೆದರು.

ನನ್ನ ತಕರಾರು ಇಲ್ಲಿಂದ ಶುರು. ವಿಲ್ಸ್ ಕಂಡುಹಿಡಿದದ್ದು ಮಾತ್ರೆಯೊಳಗೆ ಹೋಯಿತು, ವಿಲ್ಸ್ ಕೇಳಿದ ಪ್ರಶ್ನೆ ಹೋಗಲಿಲ್ಲ. ಅತ್ತಿಗೆಗೆ ಮಾತ್ರೆ ಬರೆದವರು ಊಟದ ತಟ್ಟೆಯ ಬಗ್ಗೆ ಕೇಳಲಿಲ್ಲ, ತಿಂಗಳ ಮುಟ್ಟಿನಲ್ಲಿ ಎಷ್ಟು ರಕ್ತ ಹೋಗುತ್ತದೆ ಎಂದು ಕೇಳಲಿಲ್ಲ, ಕಣ ಚಿಕ್ಕದೋ ದೊಡ್ಡದೋ ನೋಡಲಿಲ್ಲ. ಮುಂಬೈಯಲ್ಲಿ ಈ ಕೊನೆಯದನ್ನು ಬಿಡುವಂತೆಯೇ ಇಲ್ಲ. ಇಲ್ಲಿನ ಸಿಂಧಿ, ಕಛ್ಛಿ ಲೋಹಾಣ ಸಮುದಾಯಗಳಲ್ಲಿ ಥಲಸ್ಸೀಮಿಯ ವಾಹಕರು ಹೆಚ್ಚು. ಅವರ ಕಣವೂ ಚಿಕ್ಕದು, ಹಿಮೋಗ್ಲೋಬಿನೂ ತುಸು ಕಡಿಮೆ, ಆದರೆ ಕಬ್ಬಿಣ ಸಾಕಷ್ಟಿರಬಹುದು. ಅಂಥವರಿಗೆ ವರ್ಷಗಟ್ಟಲೆ ಕೆಂಪು ಮಾತ್ರೆ ಕೊಟ್ಟು ಪ್ರಯೋಜನವಿಲ್ಲ. ಇದನ್ನೆಲ್ಲ ಪರೀಕ್ಷಿಸಬಲ್ಲ ರಾಷ್ಟ್ರೀಯ ಸಂಸ್ಥೆ ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಆವರಣದಲ್ಲೇ ಇದೆ. ಸಸ್ಯಾಹಾರಿಗಳಲ್ಲಿ ಕಡಿಮೆ ಬೀಳುವ ಬಿ12 ಜೀವಸತ್ವವಂತೂ ಆ ಮಾತ್ರೆಯಲ್ಲಿ ಇಲ್ಲವೇ ಇಲ್ಲ. ದಾಸ್ತಾನು ತಿಳಿಸುವ ಫೆರಿಟಿನ್ ಪರೀಕ್ಷೆಯನ್ನು ಬರೆಯುವವರೂ ಕಡಿಮೆ. ಅದರ ಮೂಲಕವೇ ಕೊರತೆ ಮೊದಲು ತಿಳಿಯುವುದು: ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕೆಳಗಿಳಿದರೆ ಉಗ್ರಾಣ ಖಾಲಿ. ಹಿಮೋಗ್ಲೋಬಿನ್ ಆಮೇಲೆ ಕುಸಿಯುತ್ತದೆ.

ಮತ್ತೆ ನುಂಗುವ ರೀತಿ. ಅತ್ತಿಗೆ ದಿನಾ ತಿಂಡಿಯಾದ ಮೇಲೆ ಕಾಫಿಯ ಜೊತೆಗೆ ಮಾತ್ರೆ ನುಂಗುತ್ತಿದ್ದರು. ಉಡುಪಿ ಕಡೆಯವರಿಗೆ ಇದು ತಪ್ಪೆಂದು ಯಾರು ಹೇಳಬೇಕು? ಮಾಟುಂಗದ ಯಾವ ಹೋಟೆಲಿಗೆ ಹೋದರೂ ಇಡ್ಲಿಯ ತಟ್ಟೆ ಎತ್ತುವ ಮೊದಲೇ ಕಾಫಿ ಬಂದಿರುತ್ತದೆ. ಆದರೆ 1983ರಲ್ಲಿ ಅಮೆರಿಕದಲ್ಲಿ ನಡೆದ ಅಳತೆಯೊಂದರಲ್ಲಿ ಊಟದ ಜೊತೆ ಕುಡಿದ ಕಾಫಿ ಕಬ್ಬಿಣದ ಹೀರುವಿಕೆಯನ್ನು ನೂರಕ್ಕೆ 39ರಷ್ಟು ಇಳಿಸಿತು, ಚಹಾ 64ರಷ್ಟು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ತೊಂದರೆಯಾಗಲಿಲ್ಲ, ಒಂದು ಗಂಟೆ ನಂತರದ್ದು ಊಟದ ಜೊತೆಗಿನಷ್ಟೇ ಕೆಡಿಸಿತು. ಕಟಿಂಗ್ ಚಾಯ್ ಮೇಲೆ ಬದುಕುವ ಈ ಊರಿಗೆ ಇದು ಬೇಸರದ ಸುದ್ದಿ. ಇನ್ನೊಂದು: ಒಂದು ಮಾತ್ರೆ ನುಂಗಿದರೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಸುಮಾರು 24 ಗಂಟೆ ಕರುಳಿನ ಬಾಗಿಲು ಅರ್ಧ ಮುಚ್ಚಿಬಿಡುತ್ತದೆ. ಕಬ್ಬಿಣದ ದಾಸ್ತಾನು ಇಳಿದ ಹೆಂಗಸರಿಗೆ ದಿನ ಬಿಟ್ಟು ದಿನ ಕೊಟ್ಟರೆ ಹೆಚ್ಚು ಹಿಡಿಯುತ್ತದೆ ಎಂದು ಸ್ವಿಟ್ಜರ್ಲೆಂಡಿನ ಸಂಶೋಧಕರು 2017ರಲ್ಲಿ ತೋರಿಸಿದರು. ದಿನಾ ನುಂಗಿ ಹೊಟ್ಟೆ ಕೆಟ್ಟು, ಮಲ ಕಪ್ಪಾಗಿ, ಹೆದರಿ ಅರ್ಧಕ್ಕೇ ಬಿಟ್ಟವರ ಪಟ್ಟಿ ನಮ್ಮ ಕಟ್ಟಡದಲ್ಲೇ ಉದ್ದವಿದೆ. ಇದಿಷ್ಟನ್ನು ಹೇಳಲು ಡಾಕ್ಟರಿಗೆ ಎರಡು ನಿಮಿಷ ಸಾಕು.

ಅಡುಗೆಮನೆಯ ತಪ್ಪನ್ನೂ ಹೇಳಬೇಕು. ಊರಿನಿಂದ ತಂದ ಕಬ್ಬಿಣದ ಕಾವಲಿ ಗೋರೆಗಾಂವಿನ ಫ್ಲ್ಯಾಟಿನಲ್ಲಿ ಅಟ್ಟ ಸೇರಿ, ನಾನ್‌ಸ್ಟಿಕ್ ಒಲೆ ಏರಿದೆ. ಇಥಿಯೋಪಿಯದ ಮಕ್ಕಳಿಗೆ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿ ಹಾಕಿದಾಗ ಹಿಮೋಗ್ಲೋಬಿನ್ ಏರಿದ್ದು 1999ರಲ್ಲೇ ದಾಖಲಾಗಿದೆ. ಬಸಳೆ, ಹರಿವೆಯನ್ನು ಹೊಗಳುವವರು ಸೊಪ್ಪಿನ ಕಬ್ಬಿಣ ಸುಲಭವಾಗಿ ಮೈಗೆ ಹಿಡಿಯುವುದಿಲ್ಲ ಎನ್ನುವುದನ್ನು ಮರೆಯುತ್ತಾರೆ. ಮೇಲೆ ಲಿಂಬೆ ಹಿಂಡಬೇಕು, ಇಲ್ಲವೇ ಜೊತೆಗೆ ನೆಲ್ಲಿಕಾಯಿ ಬೇಕು. ಮೀನು ತಿನ್ನುವವರ ಮನೆಯ ಮರುವಾಯಿ ಪುಂಡಿ (ಚಿಪ್ಪುಮೀನು ಹಾಕಿದ ಅಕ್ಕಿಯ ಉಂಡೆ) ಇದಕ್ಕಿಂತ ಮುಂದೆ.

ಆಫೀಸಿನ ಚಳಿಗೆ ಅತ್ತಿಗೆಯ ರಕ್ತವೊಂದೇ ಕಾರಣ ಎನ್ನುವುದೂ ಅನ್ಯಾಯ. ಕಟ್ಟಡಗಳ ತಂಪಿನ ಲೆಕ್ಕ ಬಹುಪಾಲು 1960ರ ದಶಕದಲ್ಲಿ 40 ವರ್ಷ, 70 ಕಿಲೋ ತೂಕದ ಗಂಡಸಿನ ಮೈಬಿಸಿ ಹಿಡಿದು ಕಟ್ಟಿದ್ದು ಎಂದು ನೆದರ್ಲೆಂಡ್ಸಿನ ಇಬ್ಬರು ಸಂಶೋಧಕರು 2015ರಲ್ಲಿ ತೋರಿಸಿದ್ದಾರೆ. ಹೊಸ ಎ.ಸಿ.ಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂದು 2020ರಿಂದ ನಿಯಮವಿದೆ. ರಿಮೋಟು ಯಾರ ಕೈಯಲ್ಲಿದೆ ಎಂಬುದಕ್ಕೆ ನಿಯಮವಿಲ್ಲ.

ಬೇರೆ ಡಾಕ್ಟರು ಫೆರಿಟಿನ್ ನೋಡಿಸಿದರು, 6 ಬಂತು. ಅತ್ತಿಗೆ ಈಗ ದಿನ ಬಿಟ್ಟು ದಿನ ಬರೀ ಹೊಟ್ಟೆಗೆ ಲಿಂಬೆ ನೀರಿನಲ್ಲಿ ಮಾತ್ರೆ ನುಂಗುತ್ತಾರೆ, ಕಾಫಿ ಸಂಜೆ ನಾಲ್ಕಕ್ಕೆ ಸರಿದಿದೆ. ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ 12.4ಕ್ಕೆ ಏರಿದೆ, ಬೆರಳು ಮೊದಲಿನಷ್ಟು ತಣ್ಣಗಿಲ್ಲ. ಶಾಲು ಕುರ್ಚಿಯ ಬೆನ್ನಿಗೇ ಇದೆ. ಪಕ್ಕದ ಮೇಜಿನವರು ಎ.ಸಿ.ಯನ್ನು ಇನ್ನೂ 20ರಲ್ಲೇ ಇಡುತ್ತಾರಂತೆ.