ಸೊಂಟ ಬಿಟ್ಟು ತೊಡೆಗೆ ಬಂದ ಲಸಿಕೆ

ನಮ್ಮಲ್ಲಿ ಇಂಜೆಕ್ಷನ್ ಎಂದರೆ ಸೊಂಟ. ಜ್ವರಕ್ಕೆ ಸೂಜಿ ಹಾಕಿಸಿಕೊಳ್ಳಲು ಹೋದವರು ಡಾಕ್ಟರು ಹೇಳುವ ಮೊದಲೇ ಪಕ್ಕಕ್ಕೆ ತಿರುಗಿ ನಿಲ್ಲುತ್ತಾರೆ. ಕೂಸಿನ ತೊಡೆಗೆ ಸೂಜಿ ಹಿಡಿದರೆ, 'ಕುಂಡಿಗೆ ಹಾಕಬಾರದೇನಮ್ಮಾ, ಅಲ್ಲಿ ಮಾಂಸ ಜಾಸ್ತಿ ಇರುತ್ತೆ' ಎಂದು ನರ್ಸಮ್ಮನನ್ನು ಕೇಳುವ ಅಜ್ಜಿಯರು ಈಗಲೂ ಇದ್ದಾರೆ. ಅಲ್ಲಿ ಜಾಸ್ತಿ ಇರುವುದು ಕೊಬ್ಬು.

ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಈ ವಿಷಯದಲ್ಲಿ ಖಚಿತವಾಗಿದೆ. 6, 10, 14ನೇ ವಾರದ, ಐದು ರೋಗ ತಡೆಯುವ ಪೆಂಟಾವೇಲೆಂಟ್ ಎಡತೊಡೆಯ ನಡುಭಾಗದ ಮುಂಹೊರ ಬದಿಗೆ, ನ್ಯೂಮೋಕಾಕಲ್ ಲಸಿಕೆ ಬಲತೊಡೆಗೆ. 5–6 ವರ್ಷದ ಡಿಪಿಟಿ, 10 ಮತ್ತು 16ನೇ ವರ್ಷದ ಟಿಡಿ (ಧನುರ್ವಾಯು, ಡಿಫ್ತೀರಿಯಾ ಲಸಿಕೆ) ತೋಳಿಗೆ. ಪೃಷ್ಠಕ್ಕೆ ಯಾವುದೂ ಇಲ್ಲ. ಇಡೀ ಕಾರ್ಯಕ್ರಮದಲ್ಲಿ ನಾನು ಅತ್ಯಂತ ಮೆಚ್ಚುವ ತೀರ್ಮಾನಗಳಲ್ಲಿ ಇದೂ ಒಂದು.

ಕಾರಣಗಳು ಗಟ್ಟಿಯಾಗಿವೆ. ಪೆಂಟಾದಂಥ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣವಿರುತ್ತದೆ. ಅದು ಕೊಬ್ಬಿನಲ್ಲಿ ನಿಂತರೆ ಗಂಟು ಕಟ್ಟಬಹುದು, ಉರಿಯೂತವಾಗಬಹುದು. ಪೃಷ್ಠಕ್ಕೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡ ದೊಡ್ಡವರಲ್ಲಿ ಪ್ರತಿಕಾಯಗಳು ಕಡಿಮೆ ಹುಟ್ಟುವುದನ್ನು ಅಮೆರಿಕದಲ್ಲಿ 1980ರ ದಶಕದಲ್ಲೇ ಗುರುತಿಸಿ, ತೋಳಿಗೇ ಹಾಕಬೇಕೆಂದು ಸೂಚಿಸಲಾಯಿತು. ಇನ್ನೊಂದು ಅಪಾಯ ಪೃಷ್ಠದ ಮೂಲಕ ಕಾಲಿಗೆ ಇಳಿಯುವ ಸಯಾಟಿಕ್ ನರದ್ದು. ಸೂಜಿ ಅದಕ್ಕೆ ತಗುಲಿದರೆ ಮಗುವಿನ ಪಾದ ಜೋತುಬೀಳಬಹುದು. ಪೋಲಿಯೊ ಪತ್ತೆಗೆ ಲಕ್ವ ಹೊಡೆದ ಮಕ್ಕಳನ್ನು ಪರೀಕ್ಷಿಸುವವರು ಇಂದಿಗೂ ಕೇಳುವ ಪ್ರಶ್ನೆಗಳಲ್ಲಿ ಒಂದು, 'ಈಚೆಗೆ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿದ್ದಿರಾ?' ಎಂಬುದು. ತೊಡೆಯ ಹೊರಬದಿಯ ಸ್ನಾಯುವಾದರೋ ಆಗತಾನೇ ಹುಟ್ಟಿದ ಮಗುವಿನಲ್ಲೂ ದಪ್ಪಗಿರುತ್ತದೆ, ದೊಡ್ಡ ನರ, ರಕ್ತನಾಳ ಅಲ್ಲಿ ಹಾಯುವುದಿಲ್ಲ. ಚುಚ್ಚಿದ ಮೇಲೆ ರಕ್ತ ಬರುತ್ತದೆಯೇ ಎಂದು ಸಿರಿಂಜನ್ನು ಹಿಂದಕ್ಕೆಳೆದು ನೋಡುವುದೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು.

ಆಯ್ಕೆ ಸರಿ. ನನ್ನ ತಕರಾರು ಜಾಗ ಗುರುತಿಸುವ ರೀತಿಯ ಬಗ್ಗೆ. ಸೊಂಟದ ಬದಿಯಲ್ಲಿ ಕೈಗೆ ಸಿಗುವ ಮೂಳೆಯುಬ್ಬಿನಿಂದ ಮಂಡಿಯವರೆಗೆ ಮೂರು ಪಾಲು ಮಾಡಿ ನಡುವಿನ ಪಾಲಿಗೆ ಹಾಕಬೇಕು. ಅದನ್ನು ಮುಟ್ಟಿ ಅಳೆಯಬೇಕು, ಕಣ್ಣಳತೆ ಸಾಲದು. ಆದರೆ ಗದ್ದಲದ ಅಂಗನವಾಡಿಯಲ್ಲಿ ಕಾಲಿನ ಕಡೆಯಿಂದ ಚಡ್ಡಿ ಮೇಲೆ ಸರಿಸಿ, ಕಂಡಷ್ಟು ತೊಡೆಯ ನಡುವನ್ನೇ ನಡು ಎಂದುಕೊಂಡರೆ ಸೂಜಿ ಮಂಡಿಯ ಹತ್ತಿರ ಇಳಿಯುತ್ತದೆ.

ತೋಳಿನಲ್ಲಿ ತಪ್ಪು ಇನ್ನೂ ಸುಲಭ. ಭುಜದ ತುದಿಯ ಮೂಳೆಯಿಂದ ಎರಡು ಮೂರು ಬೆರಳು ಕೆಳಗೆ, ಕಂಕುಳಿನ ಮಟ್ಟಕ್ಕಿಂತ ಮೇಲೆ: ಡೆಲ್ಟಾಯ್ಡ್ ಸ್ನಾಯುವಿನಲ್ಲಿ ಸಿಗುವ ಜಾಗ ಇಷ್ಟೇ. ಕಾಲರ್ ಜಗ್ಗಿ ಭುಜದ ಮೇಲುಭಾಗವನ್ನಷ್ಟೇ ಬಿಡಿಸಿದರೆ ಲಸಿಕೆ ಕೀಲಿನ ಬಳಿಯ ದ್ರವಚೀಲಕ್ಕೆ ಹೋಗಿ ತಿಂಗಳುಗಟ್ಟಲೆ ನೋವು ಕೊಡಬಹುದು. ಬಿಗಿ ತೋಳನ್ನು ಸುತ್ತಿ ಏರಿಸಿದರೆ ಜಾಗ ತೀರಾ ಕೆಳಗಾಗಿ ರೇಡಿಯಲ್ ನರ ಹತ್ತಿರವಾಗುತ್ತದೆ. 2021ರ ಕೋವಿಡ್ ಅಭಿಯಾನದ ಚಿತ್ರಗಳಲ್ಲಿ ಈ ಎರಡೂ ಬಗೆ ಸಾಕಷ್ಟು ಕಂಡವು. ಬಿಗಿ ರವಿಕೆಯ ಹೆಂಗಸು ಹತ್ತು ಜನರೆದುರು ತೋಳು ಬಿಚ್ಚುವುದು ಹೇಗೆ? ಅಲ್ಲಿ ಒಂದು ಪರದೆ ಇಲ್ಲದಿದ್ದರೆ ಎಂಥ ನುರಿತ ನರ್ಸ್ ಕೂಡ ಸರಿಯಾದ ಜಾಗ ಹುಡುಕಲಾರಳು. ತರಬೇತಿ ಕೈಪಿಡಿಗಳು ಮೂಳೆಯ ಚಿತ್ರ ಬರೆಯುತ್ತವೆ, ಪರದೆಯ ಮಾತಿಗೆ ಅಷ್ಟು ತೂಕ ಕೊಡುವುದಿಲ್ಲ. ಸೂಜಿಯ ಉದ್ದವೂ ಎಲ್ಲರಿಗೂ ಒಂದೇ ಅಲ್ಲ. ಕೂಸಿಗೆ 25 ಮಿಲಿಮೀಟರ್ ಸಾಕು. ತುಂಬ ದಪ್ಪ ತೋಳಿಗೆ 38 ಬೇಕಾಗಬಹುದು.

ಆಸ್ಟ್ರೇಲಿಯಾದಲ್ಲಿ ಒಂದು ವರ್ಷದೊಳಗಿನ ಕೂಸುಗಳಿಗೆ ಸೊಂಟದ ಪಕ್ಕದ ವೆಂಟ್ರೊಗ್ಲೂಟಿಯಲ್ ಜಾಗವನ್ನು ಪರ್ಯಾಯವಾಗಿ ಒಪ್ಪುತ್ತಾರೆ. ಅಂಗರಚನೆಯ ದೃಷ್ಟಿಯಿಂದ ಅದು ಒಳ್ಳೆಯ ಜಾಗವೇ. ಆದರೂ ನಮಗದು ಬೇಡ. ಇಷ್ಟು ಕಷ್ಟಪಟ್ಟು ಬಿಡಿಸಿದ ಸೊಂಟದ ರೂಢಿ ಅದೇ ಬಾಗಿಲಿನಿಂದ ಮತ್ತೆ ಒಳಗೆ ಬರುತ್ತದೆ.

ಆರೋಗ್ಯ ಇಲಾಖೆ ಪ್ರತಿ ಲಸಿಕಾ ಕೇಂದ್ರಕ್ಕೂ ಒಂದು ಪರದೆ, ಒಂದು ಕುರ್ಚಿ ಕೊಡಲಿ. ತಾಯಂದಿರು ಮಗುವಿಗೆ ಸಡಿಲ ಬಟ್ಟೆ ಹಾಕಿ ತರಲಿ, ತೊಡೆ ಪೂರ್ತಿ ಬಿಡಿಸಿಕೊಡಲಿ. ನಾಯಿ ಕಚ್ಚಿ ಹೋದಾಗ ಯಾರಾದರೂ ರೇಬೀಸ್ ಲಸಿಕೆಯನ್ನು ಸೊಂಟಕ್ಕೆ ಹಾಕಲು ಬಂದರೆ ದಾಕ್ಷಿಣ್ಯವಿಲ್ಲದೆ ತಡೆಯಿರಿ: ದೊಡ್ಡವರಿಗೆ ಅದು ತೋಳಿಗೆ, ಎರಡು ವರ್ಷದೊಳಗಿನ ಮಕ್ಕಳಿಗೆ ತೊಡೆಗೆ.