ಮಸ್ಕಿ ಬಂಡೆಯಲ್ಲಿ ಹೆಸರಿನ ಆಚೆ ಏನಿದೆ?

ಅಶೋಕನ ಜನಪ್ರಿಯ ಜೀವನಚರಿತ್ರೆಗಳಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಗೆ ಸಿಗೋದು ಒಂದೆರಡು ವಾಕ್ಯ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಬಂಡೆ ಗುರುತಿಸಿದ; ‘ದೇವಾನಂಪಿಯಸ ಅಸೋಕಸ’ ಎಂಬ ಪದಗಳಿಂದ ಪ್ರಿಯದರ್ಶಿಯೇ ಅಶೋಕ ಎಂಬುದು ಖಚಿತವಾಯಿತು. ಅಲ್ಲಿಗೆ ಮುಗೀತು. ಮಸರಕಲ್ಲಿನವನಾದ ನನ್ನ ತಕರಾರು ಇಲ್ಲೇ ಇದೆ: ಹೆಸರು ತಗೊಂಡರು, ಉಳಿದ ಸಾಲು ಬಿಟ್ಟರು.

ಇದಕ್ಕೆ ಕಾರಣವೂ ಉಂಟು. ಡಿ.ಆರ್. ಭಂಡಾರ್ಕರ್ (1925), ರಾಧಾಕುಮುದ ಮುಖರ್ಜಿ (1928) ಅಶೋಕನ ಬಗ್ಗೆ ಬರೆದ ಕಾಲಕ್ಕೆ, ಪರಕೀಯರ ಆಳ್ವಿಕೆಯಲ್ಲಿದ್ದ ದೇಶಕ್ಕೆ ತನ್ನದೇ ಆದ ಮಾದರಿ ದೊರೆ ಬೇಕಿತ್ತು. 1947ರಲ್ಲಿ ಅವನ ಚಕ್ರ ಧ್ವಜಕ್ಕೆ ಬಂತು, 1950ರಲ್ಲಿ ಸಾರನಾಥದ ಸಿಂಹಗಳು ಲಾಂಛನವಾದವು. ಅಂಥ ದೊರೆಯ ಮನಸ್ಸು ಕಳಿಂಗದ ರಣರಂಗದಲ್ಲೇ ತಟ್ಟನೆ ತಿರುಗಿದರೆ ಕಥೆಗೆ ಚೆಂದ.

13ನೇ ಬಂಡೆಶಾಸನದಲ್ಲಿ ಕಳಿಂಗದ ಪಶ್ಚಾತ್ತಾಪ ಇದೆ, ಸುಳ್ಳಲ್ಲ. ಆದರೆ ಮಸ್ಕಿಯಲ್ಲಿ ಕಳಿಂಗದ ಮಾತೇ ಇಲ್ಲ. ಬುದ್ಧನ ದಾರಿ ಹಿಡಿದು ಎರಡೂವರೆ ವರ್ಷವಾಯಿತು ಅನ್ನುತ್ತಾನೆ. ಇದೇ ಶಾಸನದ ಬ್ರಹ್ಮಗಿರಿ ಪಾಠ ನೋಡ್ರಿ: ಮೊದಲ ಒಂದು ವರ್ಷ ತಾನು ಅಷ್ಟಾಗಿ ಶ್ರಮಿಸಲಿಲ್ಲ ಅಂತ ಅವನೇ ಒಪ್ಪಿಕೊಳ್ಳುತ್ತಾನೆ. ಇದು ನಿಧಾನಕ್ಕೆ ಬದಲಾದ ಮನುಷ್ಯನ ಮಾತು.

ಮಸ್ಕಿಯ ಮುಂದಿನ ಸಾಲುಗಳು ಇನ್ನೂ ಮುಖ್ಯ. ದೊಡ್ಡವರಿಗೆ ಮಾತ್ರ ಇದು ಸಾಧ್ಯ ಅಂದುಕೊಳ್ಳಬೇಡಿ, ಧರ್ಮದಲ್ಲಿ ತೊಡಗಿದ ‘ಖುದಕ’ನೂ, ಅಂದರೆ ಸಣ್ಣವನೂ, ಸಾಧಿಸಬಲ್ಲ, ಇದನ್ನು ಇಬ್ಬರಿಗೂ ತಿಳಿಸಬೇಕು ಎನ್ನುತ್ತದೆ ಶಾಸನ. ಮಾದರಿ ದೊರೆಯನ್ನು ಹುಡುಕಿದ ಚರಿತ್ರೆಗಳಲ್ಲಿ ಈ ಸಣ್ಣವನಿಗೇ ಜಾಗ ಸಿಗಲಿಲ್ಲ. ದೇಶದ ಗುರುತು ಅಶೋಕನಿಂದ ಬರಬೇಕಾದರೆ, ಅದು ಸಿಂಹಗಳಷ್ಟೇ ಈ ಸಾಲಿನಿಂದಲೂ ಬರಬೇಕು.